ಹೆರಿಗೆ ಮಂಚದ ಮೇಲೆ ಸನ್ಮಾನ

ಮೆಟಿಲ್ಡಾಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಅಬುಧಾಬಿಯ ಹೆರಿಗೆ ವಾರ್ಡಿನಲ್ಲಿ ಅವಳ ಜೊತೆ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು. ಕನ್ನಡ ಸಂಘದ ಕಾರ್ಯದರ್ಶಿ ತಿಲಕನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ದುಬೈಯ ರಾಸ್ ಅಲ್ ಖೋರ್‌ನ ಒಂದು ಗಾಡಿ ಬಿಡಿಭಾಗಗಳ ಗೋದಾಮಿನಲ್ಲಿ, ನಾಟಕದ ಅಭ್ಯಾಸದ ಮೊದಲ ದಿನವೇ, ಅಂಥ ಮಾತು ಆಡುತ್ತಿದ್ದನೇ?

"ಸಿಸ್ಟರ್, ಆ ಆಫ್ರಿಕಾದವಳು ಯಾಕೆ ನಮಗೆ? ನಮ್ಮ ಶರ್ಮಿಳಾನ ಮುಖಕ್ಕೆ ಸ್ವಲ್ಪ ಕಪ್ಪು ಬಳಿದ್ರೆ ಆಯ್ತಲ್ಲ. ಗುಂಗುರು ಕೂದಲಿಂದು ಒಂದು ವಿಗ್ ಹಾಕುವ. ಜನ ಬಿದ್ದು ಬಿದ್ದು ನಗ್ತಾರೆ."

"ಹೆರಿಗೆಗೆ ಬಂದು ಸತ್ತವಳ ಪಾತ್ರ ಅದು. ನಗ್ಲಿಕ್ಕೆ ಎಂತ ಉಂಟು ಅದ್ರಲ್ಲಿ?"

"ಹಾಗಲ್ಲ ಮಾರ್ರೆ, ಸಂಘದ ನಾಟಕ ಅಂದ ಮೇಲೆ ಸ್ವಲ್ಪ ಕಾಮಿಡಿ..."

"ಕಾಮಿಡಿ ಮಂತ್ರಿಯ ಪಾತ್ರದಲ್ಲಿ ಬೇಕಾದಷ್ಟು ಉಂಟು. ಬಣ್ಣ ಬಳಿಯಲೇಬೇಕಾದ್ರೆ ನಿಮ್ಮ ಮುಖಕ್ಕೆ ಬಳೀತೇನೆ. ಯಾವ ಬಣ್ಣ ಬೇಕು ಹೇಳಿ."

ಶರ್ಮಿಳಾ ತಾನೇ ಕೈಮುಗಿದಳು. "ನಂಗೆ ಬೇಡಪ್ಪ ಆ ಪಾತ್ರ. ನಾನು ನರ್ಸ್ ಮಾಡ್ತೇನೆ, ಸಾಕು." ತಿಲಕ್ ಮುಖ ಗಂಟು ಹಾಕಿಕೊಂಡು ಫೋನು ನೋಡುತ್ತಾ ಕೂತ.

ಆ 'ಆಫ್ರಿಕಾದವಳು' ಯಾರೆಂದರೆ ನಕಾಟೊ. ಉಗಾಂಡಾದವಳು, ಮೆಟಿಲ್ಡಾಳ ವಾರ್ಡಿನಲ್ಲೇ ಸಹಾಯಕಿ. ಅವರ ಕಡೆ ಅವಳಿ ಹೆಣ್ಣುಮಕ್ಕಳು ಹುಟ್ಟಿದರೆ ಮೊದಲನೆಯವಳಿಗೆ ಬಾಬಿರ್ಯೆ, ಎರಡನೆಯವಳಿಗೆ ನಕಾಟೊ ಎಂದೇ ಹೆಸರಿಡುವುದು. ಇವಳ ಅವಳಿ ಅಕ್ಕ ಬಾಬಿರ್ಯೆ ದುಬೈಯ ಮಾಲೊಂದರಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದಳು. ತುಂಬು ಬಸುರಿ. ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗುತ್ತಿದೆ ಎಂದು ಯಾವುದೋ ಕ್ಲಿನಿಕ್ಕಿಗೆ ಹೋದಳು. ನಿಮ್ಮವರು ಗಟ್ಟಿ ಹೆಂಗಸರು, ಇದೆಲ್ಲ ಒಂದು ನೋವೇ ಎಂದು ತಲೆನೋವಿನ ಮಾತ್ರೆ ಕೊಟ್ಟು ಕಳಿಸಿದರು. ಮತ್ತೆ ಹೋದಳು, ಮತ್ತೆ ಅದೇ ಮಾತ್ರೆ. ತೋಳಿಗೆ ಬಿಪಿ ಪಟ್ಟಿ ಸುತ್ತಿ ನೋಡುವ ಮನಸ್ಸು ಒಬ್ಬರಿಗೂ ಬರಲಿಲ್ಲ. ಆಮೇಲೆ ಬಿಪಿ ವಿಪರೀತ ಏರಿ ತನ್ನ ಕೋಣೆಯಲ್ಲೇ ಅಪಸ್ಮಾರ ಬಂದವಳ ಹಾಗೆ ಕೈಕಾಲು ಸೆಳೆದುಕೊಂಡು ಬಿದ್ದಳು. ಮಗು ಉಳಿಯಿತು, ಕಂಪಾಲಾದಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದೆ. ಬಾಬಿರ್ಯೆ ಉಳಿಯಲಿಲ್ಲ. ಬಿಪಿ ನೋಡಲು ಎಷ್ಟು ಹೊತ್ತು ಬೇಕು ಸ್ವಾಮಿ? ಒಂದು ಲೋಟ ಚಹಾ ಕುಡಿಯುವಷ್ಟೂ ಬೇಡ! ಇದನ್ನು ನೆನೆದರೆ ಮೆಟಿಲ್ಡಾಳ ಹೊಟ್ಟೆ ಉರಿಯುತ್ತದೆ.

ಆ ಉರಿಯಲ್ಲೇ ಅವಳು ನಾಟಕ ಬರೆದದ್ದು. ಯಾವುದೋ ಊಹೆಯ ದೇಶ. ಅಲ್ಲಿನ ಮಂತ್ರಿಗೆ ತಾಯಂದಿರ ಮೇಲೆ ಎಲ್ಲಿಲ್ಲದ ಪ್ರೀತಿ. ಕಪ್ಪು ಬಸುರಿಯೊಬ್ಬಳು ಮಂಚದ ಮೇಲೆ ನೋವು ತಿನ್ನುತ್ತಿದ್ದರೆ ಮಂತ್ರಿ ಬಂದು ಮಂಚಕ್ಕೆ ರಿಬ್ಬನ್ ಕಟ್ಟಿ ಕತ್ತರಿಸುತ್ತಾನೆ. ಅವಳು ಚೀರಿದಾಗಲೆಲ್ಲ ಒಂದು ಯೋಜನೆ ಘೋಷಿಸುತ್ತಾನೆ. ಬಿಪಿ ಯಂತ್ರಕ್ಕೆ ಹಾರ ಹಾಕಿ ಫೋಟೊ ತೆಗೆಸಿಕೊಳ್ಳುತ್ತಾನೆ, ಪೆಟ್ಟಿಗೆಯಿಂದ ಮಾತ್ರ ಹೊರಗೆ ತೆಗೆಯುವುದಿಲ್ಲ. ವಿರೋಧ ಪಕ್ಷದವನು ಬಂದು ರಿಬ್ಬನ್ನಿನ ಬಣ್ಣ ಸರಿಯಿಲ್ಲವೆಂದು ಅವಳ ಕಾಲಬುಡದಲ್ಲೇ ಧರಣಿ ಕೂರುತ್ತಾನೆ.

"ರಾಜಕೀಯ ಬೇಡ ಸಿಸ್ಟರ್," ಎಂದು ತಿಲಕ್ ಅದಕ್ಕೂ ಕೊಕ್ಕೆ ಹಾಕಿದ್ದ. "ಎಲ್ಲರೂ ವೀಸಾದಲ್ಲಿ ಇರುವವರು."

"ಊಹೆಯ ದೇಶದ ವೀಸಾ ಯಾರತ್ರ ಉಂಟು, ತೋರಿಸಿ," ಎಂದಿದ್ದಳು ಮೆಟಿಲ್ಡಾ. ಮಂತ್ರಿಯ ಪಾತ್ರದ ಜುವಾಕಿಂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ನಕಾಟೊ ಈ ಪಾತ್ರಕ್ಕೆ ಒಪ್ಪಿದ್ದು ಒಂದೇ ಒಂದು ಮಾತಿನ ಮೇಲೆ. ಕೊನೆಯ ದೃಶ್ಯದಲ್ಲಿ ಅವಳು ಎದ್ದು ನಿಂತು ಸತ್ತ ಅಕ್ಕನ ಹೆಸರನ್ನು ತುಂಬಿದ ಸಭೆಯ ಎದುರು ಹೇಳಬೇಕು. ಆ ಕ್ಲಿನಿಕ್ಕಿನಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲವಂತೆ. "ಏಯ್ ಆಫ್ರಿಕಾ, ಯಲ್ಲಾ, ಬೇಗ ಒಳಗೆ ಬಾ" ಎಂದಷ್ಟೇ ಕರೆದರಂತೆ. ಅಕ್ಕ ಫೋನಿನಲ್ಲಿ ಇದನ್ನು ಹೇಳಿ ನಕ್ಕಿದ್ದಳಂತೆ. ಆ ನಗು ನಕಾಟೊಳ ಕಿವಿಯಿಂದ ಹೋಗಿಲ್ಲ. "ಹೆಸರು ಹೇಳುವುದಿದ್ದರೆ ಮಾತ್ರ ಬರುತ್ತೇನೆ," ಎಂದು ಅವಳು ಇಂಗ್ಲಿಷಿನಲ್ಲಿ ಖಡಾಖಂಡಿತ ಹೇಳಿದಾಗ ತಿಲಕ್ ಎಲ್ಲರೆದುರು "ಆಯ್ತು, ಪ್ರಾಮಿಸ್" ಎಂದ. ಆಮೇಲೆ ಅವಳು ಡ್ಯೂಟಿ ಮುಗಿಸಿ ಅಬುಧಾಬಿಯಿಂದ ಬಸ್ಸು ಹಿಡಿದು ಬಂದು ಕನ್ನಡದ ಮಾತುಗಳನ್ನು ಬಾಯಿಪಾಠ ಮಾಡಿದಳು.

ವಾರ್ಷಿಕೋತ್ಸವ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹತ್ತಿರದ ಸಭಾಂಗಣದಲ್ಲಿ. ಮಕ್ಕಳ ಡ್ಯಾನ್ಸು, ಭಾಷಣ, ಮತ್ತೆ ಡ್ಯಾನ್ಸು, ಮತ್ತೆ ಭಾಷಣ ಎಲ್ಲ ಆಗಿ ನಾಟಕ ಶುರುವಾಗುವಷ್ಟರಲ್ಲಿ ಜನ ಆಕಳಿಸುತ್ತಿದ್ದರು. ಆದರೆ ಜುವಾಕಿಂ ಕತ್ತರಿ ಹಿಡಿದು ಬಂದದ್ದೇ ತಡ, ಸಭೆ ಎದ್ದು ಕೂತಿತು. ನಗು, ಚಪ್ಪಾಳೆ. ಎರಡನೆಯ ದೃಶ್ಯ ಬಂತು. ಮಂಚದ ಮೇಲೆ ನಕಾಟೊ ತಲೆ ಹಿಡಿದುಕೊಂಡು ಕೂಗಿದಳು: "ನನ್ನ ತಲೆ ಸಿಡೀತಾ ಉಂಟು. ಯಾರಾದ್ರೂ ಬಿಪಿ ನೋಡಿ!" ನಗುತ್ತಿದ್ದವರು ಸುಮ್ಮನಾದರು. ಪರದೆಯ ಬದಿಯಲ್ಲಿ ನಿಂತ ಮೆಟಿಲ್ಡಾಗೆ, ಮುಟ್ಟಿತು, ಮುಟ್ಟಿತು ಅನ್ನಿಸಿತು.

ಆಗ ಮೈಕು ಹಿಡಿದು ರಂಗಕ್ಕೆ ಬಂದವನು ತಿಲಕ್!

"ಬಂಧುಗಳೇ, ಒಂದು ನಿಮಿಷ. ಈ ಕಾರ್ಯಕ್ರಮದ ಪ್ರಾಯೋಜಕರು, ಅಭ್ಯಾಸಕ್ಕೆ ತಮ್ಮ ಗೋದಾಮನ್ನೇ ಬಿಟ್ಟುಕೊಟ್ಟ ದೊಡ್ಡ ಮನಸ್ಸಿನ ಶೀನಪ್ಪಣ್ಣ ತುರ್ತಾಗಿ ದುಬೈಗೆ ಹೊರಡಲಿಕ್ಕುಂಟು. ಹಾಗಾಗಿ ಸನ್ಮಾನವನ್ನು ಈಗಲೇ ನೆರವೇರಿಸೋಣ."

ಸಂಘದವರಿಗೆ ಇದು ಹೊಸತಲ್ಲ. ನಾಟಕ ನಿಲ್ಲಿಸಿ ಸನ್ಮಾನ ಮಾಡುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಆದರೆ ಸಭೆ ಇದನ್ನೂ ನಾಟಕವೆಂದೇ ತಿಳಿದು ಹೋ ಎಂದು ಚಪ್ಪಾಳೆ ತಟ್ಟಿತು. ಶೀನಪ್ಪ ಸಂಕೋಚದಿಂದ ಮೇಲೆ ಬಂದರು. ಕುರ್ಚಿ ತರಲು ಯಾರಿಗೂ ನೆನಪಾಗಿರಲಿಲ್ಲ. ತಿಲಕ್ ಅತ್ತಿತ್ತ ನೋಡಿದ, "ಇಲ್ಲೇ ಕೂತ್ಕೊಳ್ಳಿ ಶೀನಪ್ಪಣ್ಣ," ಎಂದು ಮಂಚ ತೋರಿಸಿದ. ಅವರು ಕೂತರು. ನಕಾಟೊ ಕಾಲು ಎಳೆದುಕೊಂಡು ಜಾಗ ಮಾಡಿಕೊಟ್ಟಳು! ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿಯನ್ನು ಬಸುರಿಯ ತಲೆದಿಂಬಿನ ಪಕ್ಕ ಇಟ್ಟರು. ಗಾಡಿ ಬಿಡಿಭಾಗ ಮಾರುವ ಮನುಷ್ಯನಿಗೆ 'ಮಾತೃಹೃದಯಿ' ಎಂಬ ಬಿರುದು ಬೇರೆ. ಸನ್ಮಾನಪತ್ರ ಓದಿದ್ದೇ ಓದಿದ್ದು. ಫೋಟೊದವನು ಮಂಚದ ಸುತ್ತ ಸುತ್ತಿದ, ನಕಾಟೊಳಿಗೆ ಸ್ವಲ್ಪ ಸರಿಯಲು ಕೈಸನ್ನೆ ಮಾಡಿದ.

ಕತ್ತರಿ ಹಿಡಿದು ಮೂಲೆಯಲ್ಲಿ ನಿಂತಿದ್ದ ಜುವಾಕಿಂ ಬದಿಗೆ ಬಂದು ಪಿಸುಗುಟ್ಟಿದ. "ನನ್ನ ಪಾರ್ಟು ಇವನೇ ಮಾಡಿ ಮುಗಿಸಿದ ಅಲ್ವಾ ಮೆಟಿಲ್ಡಾ ಬಾಯಿ. ನಾನು ಇನ್ನೆಂತ ಮಾಡುದು?" ಮೆಟಿಲ್ಡಾ ಹಲ್ಲು ಕಚ್ಚಿ ನಿಂತಿದ್ದಳು. ಇದಾದರೂ ಮುಗಿಯಲಿ, ಕೊನೆಯ ದೃಶ್ಯ ಒಂದು ಆದರೆ ಸಾಕು.

ಅದೂ ಆಗಲಿಲ್ಲ. ಚಪ್ಪಾಳೆ ನಿಲ್ಲುತ್ತಿದ್ದಂತೆ ತಿಲಕ್ ಕೈಗಡಿಯಾರ ನೋಡಿಕೊಂಡ. "ಸಮಯದ ಅಭಾವದಿಂದ ನಾಟಕವನ್ನು ಇಲ್ಲಿಗೆ ಮುಗಿಸ್ತಾ ಇದ್ದೇವೆ. ಊಟ ರೆಡಿ ಉಂಟು. ಎಲ್ಲರೂ ಊಟ ಮಾಡಿಯೇ ಹೋಗಬೇಕು." ಪರದೆ ಬಿತ್ತು. ಊಟ ಅಂದದ್ದೇ ತಡ, ಕುರ್ಚಿಗಳು ಕಿರುಗುಟ್ಟಿದವು.

ನಕಾಟೊ ಮಂಚದ ಮೇಲೆ ಎದ್ದು ಕೂತಳು. "ಮುಗಿಯಿತಾ? ಹೆಸರು?"

ಅಯ್ಯೋ ದೇವರೇ, ಆ ಮುಖ! ಮೆಟಿಲ್ಡಾಗೆ ನೆತ್ತಿಯಿಂದ ಅಂಗಾಲಿನವರೆಗೆ ಬೆಂಕಿ ಹತ್ತಿದ ಹಾಗಾಯಿತು. ತಿಲಕ್ ಬಳಿಗೆ ಹೋಗಿ ಜಗಳ ಆಡಬಹುದಿತ್ತು. ಆಡಿದರೆ ಅವನು "ಸಾರಿ ಸಿಸ್ಟರ್, ಮುಂದಿನ ವರ್ಷ ನೋಡುವ" ಎನ್ನುತ್ತಾನೆ. ಮುಂದಿನ ವರ್ಷವಂತೆ, ಅವನ ತಲೆ!

"ಮುಗೀಲಿಲ್ಲ," ಎಂದಳು ಮೆಟಿಲ್ಡಾ ಮೆಲ್ಲಗೆ. "ಮಲಗು ನೀನು. ಜುವಾಕಿಂ, ಆ ಬದಿ ಹಿಡಿ."

ಮಂಚಕ್ಕೆ ಚಕ್ರಗಳಿದ್ದವು. ಹೆರಿಗೆಯ ಮಂಚ ತಳ್ಳುವುದನ್ನು ಮೆಟಿಲ್ಡಾಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬದಿಯ ಇಳಿಜಾರಿನಿಂದ ಇಳಿಸಿ, "ದಾರಿ, ದಾರಿ ಬಿಡಿ" ಎನ್ನುತ್ತಾ ಕುರ್ಚಿಗಳ ನಡುವೆ ನುಗ್ಗಿಸಿ, ಊಟದ ಕೋಣೆಯ ಬಾಗಿಲಿಗೆ ಅಡ್ಡ ತಂದು ನಿಲ್ಲಿಸಿದಳು. ಒಂದು ಬದಿಯಲ್ಲಿ ಒಬ್ಬರು ನುಸುಳುವಷ್ಟೇ ಜಾಗ ಉಳಿಯಿತು. ಒಳಗಿನಿಂದ ಕೋರಿ ಸುಕ್ಕದ ಕೋಳಿ ಮಸಾಲೆಯ ಘಮ ಬರುತ್ತಿತ್ತು. ಹೊರಗೆ ಇಡೀ ಸಂಘ ಹಸಿದು ನಿಂತಿತ್ತು.

"ಇವಳ ಅಕ್ಕ ಕೂಡ ನಿಮ್ಮ ಹಾಗೇ ಕ್ಲಿನಿಕ್ಕಿನ ಸಾಲಲ್ಲಿ ನಿಂತಿದ್ದಳು," ಎಂದಳು ಮೆಟಿಲ್ಡಾ. "ಬಸುರಿ. ತಲೆ ಸಿಡೀತದೆ ಅಂದಳು, ಮಾತ್ರೆ ಕೊಟ್ಟು ಓಡಿಸಿದ್ರು. ಸತ್ತಳು. ಇಷ್ಟೇ ನಮ್ಮ ನಾಟಕದ ಕೊನೆ, ಇನ್ನೂ ಉದ್ದ ಏನಿಲ್ಲ. ಅವಳ ಹೆಸರು ಹೇಳಿ ಒಳಗೆ ಹೋಗಿ."

ನಕಾಟೊ ಮಂಚದ ಮೇಲೆ ನೆಟ್ಟಗೆ ಕೂತು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. "ಬಾಬಿರ್ಯೆ."

ತುರ್ತಾಗಿ ದುಬೈಗೆ ಹೊರಡಬೇಕಾಗಿದ್ದ ಶೀನಪ್ಪನವರೇ ಊಟದ ಸಾಲಿನಲ್ಲಿ ಮೊದಲಿಗರು. ಪೇಟ ತಲೆಯ ಮೇಲೇ ಇತ್ತು. ಅವರು ತಬ್ಬಿಬ್ಬಾಗಿ ಹೆಂಡತಿಯ ಮುಖ ನೋಡಿದರು. ಜಲಜಾಕ್ಷಿ ಸುಮ್ಮನೆ ಬಿಡುವ ಹೆಂಗಸಲ್ಲ.

"ಎಂತ ನೋಡುದು ನನ್ನ? ಅವಳ ಕಾಲಬುಡದಲ್ಲಿ ಕೂತು ಶಾಲು ಹೊದೆಸಿಕೊಂಡ್ರಲ್ಲ. ಹೆಸರಾದ್ರೂ ಹೇಳಿ."

"ಬಬ್ರಿಯೆ," ಎಂದರು ಶೀನಪ್ಪ. ನಕಾಟೊ ತಲೆಯಾಡಿಸಿದಳು, ಅಲ್ಲ. ಅವರು ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಮತ್ತೆ ಹೇಳಿದರು, ಸರಿಯಾಗಿ. ಜಲಜಾಕ್ಷಿ ಹೇಳಿದರು. ಶರ್ಮಿಳಾ ಹೇಳಿ ಮಂಚದ ಕಂಬಿ ಹಿಡಿದು ಅತ್ತಳು. ಕೆಲವರು ಮುಸಿಮುಸಿ ನಗುತ್ತಾ ಹೇಳಿದರು, ನಕಾಟೊ ಅವರ ನಗು ನಿಲ್ಲುವವರೆಗೆ ದಿಟ್ಟಿಸಿ ಮತ್ತೆ ಹೇಳಿಸಿದಳು. ಸಾಲು ಸರಿಯುತ್ತಾ ತಿಲಕನ ಸರದಿ ಬಂತು.

"ಇದೆಲ್ಲ ಎಂತ ತಮಾಷೆ ಸಿಸ್ಟರ್? ನಾನ್ಯಾಕೆ ಹೇಳ್ಬೇಕು? ನಾನು ಕೊಂದಿದ್ದೇನಾ ಅವಳನ್ನ?"

"ಇಲ್ಲ," ಎಂದಳು ಮೆಟಿಲ್ಡಾ. ಅವಳ ದನಿ ಎಷ್ಟು ಇಳಿದಿತ್ತೆಂದರೆ ಹತ್ತಿರದವರು ಕತ್ತು ಚಾಚಿದರು. "ಅವಳ ಹೆಸರು ಹೇಳುವ ಹೊತ್ತಿಗೆ ನೀವು ಊಟ ರೆಡಿ ಉಂಟು ಅಂದ್ರಿ. ಅಷ್ಟೇ."

ಹಿಂದಿನಿಂದ ಯಾರೋ ಕೂಗಿದರು: "ಹೇಳಿ ಮಾರ್ರೆ ಬೇಗ, ಹಸಿವಾಗ್ತದೆ!" ತಿಲಕ್ ನೆಲ ನೋಡುತ್ತಾ ಏನೋ ಗೊಣಗಿದ.

"ಕೇಳ್ಲಿಲ್ಲ ಸರ್," ಎಂದಳು ನಕಾಟೊ, ಕನ್ನಡದಲ್ಲೇ.

ಅವನು ತಲೆ ಎತ್ತಿ ಮತ್ತೊಮ್ಮೆ ಹೇಳಿದ. ಈ ಸಲ ಸಾಲಿನ ಕೊನೆಯವರಿಗೂ ಕೇಳಿತು. ನಕಾಟೊ ಕಾಲು ಎಳೆದುಕೊಳ್ಳಲಿಲ್ಲ. ಅವನು ಗೋಡೆಗೆ ಬೆನ್ನು ಉಜ್ಜಿಕೊಂಡು ಬದಿಯಿಂದ ನುಸುಳಿ ಒಳಗೆ ಹೋದ.