ಲೀವಿಯ ಹಣ್ಣಿನ ಜಾಗ

ಬಕೆಟ್ಟು ತನ್ನ ಮನೆಯದೇ, ಅನುಮಾನವೇ ಇಲ್ಲ. ಹಿಡಿಕೆಗೆ ನೀಲಿ ಹಗ್ಗ ಸುತ್ತಿದವನು ತಾನೇ. ಫೋಟೋದಲ್ಲಿ ಹದ್ದಿನ ಗೂಡಿತ್ತು, ಗೂಡಿನಲ್ಲಿ ಮರಿಯಿತ್ತು. ಉರ್ಮಾಸ್ ನೋಡಿದ್ದು ಮಾತ್ರ ಮೂಲೆಯಲ್ಲಿದ್ದ ಬಕೆಟ್ಟನ್ನು.

"ಇದೊಂದು ಸಾಕು ಮೇಷ್ಟ್ರೇ," ಎಂದ ರೈವೋ, ತಾರ್ತು ನಗರದಿಂದ ಬಂದಿದ್ದ ಹಕ್ಕಿ ಫೋಟೋಗ್ರಾಫರ್. "ಹದ್ದು ಗೂಡು ಕಟ್ಟಿದ ಜೌಗನ್ನ ಮಣ್ಣು ತೆಗೆಯೋ ಕಂಪನಿಯವ್ರು ಮುಟ್ಟೋ ಹಾಗಿಲ್ಲ, ಕಾನೂನಿದೆ. ಇವತ್ತು ಊರ ಸಭೇಲಿ ನೀವೇ ತೋರ್ಸಿ. ನಂಗೆ ಬಸ್ಸಿಗೆ ಹೊತ್ತಾಯ್ತು."

"ಒಬ್ರೇ ಹೋಗಿದ್ರಾ?"

"ಒಬ್ನೇ ಹೋಗಿದ್ರೆ ಇಷ್ಟೊತ್ತಿಗೆ ಕೆಸರೊಳಗಿರ್ತಿದ್ದೆ," ಎಂದು ನಕ್ಕು ಹೊರಟೇಹೋದ.

ಗೂಡಿದ್ದದ್ದು ಎರಡು ತಲೆಯ ಪೈನ್ ಮರದಲ್ಲಿ. ಅದರ ಬುಡದಲ್ಲೇ ಹೆಂಡತಿ ಲೀವಿಯ ಹಣ್ಣಿನ ಜಾಗ, ಅವಳ ಅಜ್ಜಿಯಿಂದ ಬಂದದ್ದು. ಅವಳು ಅಷ್ಟನ್ನು ಮಾತ್ರ ಬಾಯಿಬಿಟ್ಟಿದ್ದಳು, ದಾರಿ ಹೇಳಿರಲಿಲ್ಲ. ಈ ಊರಲ್ಲಿ ಜೌಗಿನಲ್ಲಷ್ಟೇ ಬೆಳೆಯುವ ಮುರಾಕ ಹಣ್ಣು ಬಿಡುವ ಜಾಗವನ್ನು ಯಾರೂ ಯಾರಿಗೂ ಹೇಳುವುದಿಲ್ಲ. ದಕ್ಷಿಣಕ್ಕೆ ಹೋಗುವವರು ಉತ್ತರಕ್ಕೆ ಕೈತೋರಿಸುತ್ತಾರೆ. ಮದುವೆಯಾದ ಹೊಸದರಲ್ಲಿ ಅವನು ಕೇಳಿದ್ದ. "ಹಣ್ಣು ತಿನ್ನೋನಿಗೆ ಗಿಡದ ಚಿಂತೆ ಯಾಕೋ?" ಎಂದು ಬಾಯಿಗೊಂದು ಹಣ್ಣಿಟ್ಟಿದ್ದಳು. ಆಗ ಅದು ಚಂದವೆನಿಸಿತ್ತು. ಈಗ ಅನಿಸಲಿಲ್ಲ; ಫೋಟೋವನ್ನು ಎದೆಯ ಜೇಬಿಗೆ ತುರುಕಿದ.

ಮಧ್ಯಾಹ್ನ ಕಪ್ಪು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಕೇಳಿದ: "ಹಣ್ಣಿಗೆ ಹೋಗಿದ್ಯಾ?"

"ಹೋಗಿದ್ದೆ."

"ಒಬ್ಳೇ?"

"ಬಕೆಟ್ ಇತ್ತಲ್ಲ ಜೊತೆಗೆ," ಎಂದು ನಕ್ಕಳು. "ಸಭೆ ಮುಗೀಲಿ, ಎಲ್ಲಾ ಹೇಳ್ತೀನಿ."

ನಗು ಬೇರೆ ಕೇಡು!

ಸಭೆಯಲ್ಲಿ ಕಂಪನಿಯವನು ಬೆಣ್ಣೆಯಂತೆ ಮಾತಾಡಿದ. ಜೌಗಿನ ಮಣ್ಣನ್ನು ಕೆರೆದು ಚೀಲಕ್ಕೆ ತುಂಬಿದರೆ ಹಾಲೆಂಡಿನ ಹೂಕುಂಡಗಳಿಗೆ ಹೋಗುತ್ತದೆ, ಊರಿಗೆ ಕೆಲಸ ಬರುತ್ತದೆ. ಹಿಂದಿನ ಸಾಲಲ್ಲಿ ಲೀವಿ ಗಂಡನನ್ನೇ ನೋಡುತ್ತ ಕೂತಿದ್ದಳು.

"ಮೇಷ್ಟ್ರೇ, ಕೊನೇ ಸಲ ಕೇಳ್ತಿದ್ದೀನಿ," ಎಂದಳು ಅಧ್ಯಕ್ಷೆ. "ತೋರ್ಸೋಕೆ ಏನಾದ್ರೂ ಇದ್ಯಾ?"

ಫೋಟೋ ಎದೆಯ ಜೇಬಿನಲ್ಲಿತ್ತು. ಈ ಜೌಗಿಗಾಗಿ ವರ್ಷಗಟ್ಟಲೆ ಬಡಿದಾಡಿದವನು ಅವನೇ. ಆದರೆ ತೆಗೆದರೆ ಊರೆಲ್ಲ ಬಕೆಟ್ಟನ್ನು ನೋಡುತ್ತದೆ. ಗಂಡನಿಗೆ ತೋರಿಸದ ಜಾಗವನ್ನು ಯಾವನಿಗೋ ತೋರಿಸಿದಳಂತೆ!

"ಇಲ್ಲ," ಎಂದ.

ಕೈಗಳು ಮೇಲೆದ್ದವು. ಜೌಗು ಕಂಪನಿಯ ಪಾಲಾಯಿತು.

ಲೀವಿ ರೇಗಲಿಲ್ಲ. ಮನೆಗೆ ಹೋಗಿ ಬಕೆಟ್ ತಂದು, "ಬಾ," ಎಂದಳು ಅಷ್ಟೇ. ಬೇಸಿಗೆಯ ಸಂಜೆ, ಸೂರ್ಯನಿಗೆ ಮುಳುಗುವ ಅವಸರವಿರಲಿಲ್ಲ. ಅವಳು ಕಾಲಿಟ್ಟಲ್ಲೇ ಕಾಲಿಡುತ್ತ ಅವನು ಹಿಂದೆ ನಡೆದ. ಎರಡು ತಲೆಯ ಮರದ ಕೆಳಗೆ ಅವಳು ನಿಂತಳು.

"ನೋಡ್ಕೋ. ಜೌಗು ಉಳೀಲಿ ಅಂತ ಅವ್ನಿಗೆ ತೋರ್ಸಿದೆ. ಇನ್ನು ಮುಚ್ಚಿಡೋಕೆ ಏನೂ ಉಳ್ದಿಲ್ಲ."

ಸುತ್ತಲೂ ಹಣ್ಣು ಕಳಿತು ಹಳದಿಯಾಗಿತ್ತು. ಕೇಳಬಾರದೆಂದುಕೊಂಡೇ ಉರ್ಮಾಸ್ ಕೇಳಿಬಿಟ್ಟ:

"ಅವ್ನು ಎಲ್ಲಿ ಕೂತಿದ್ದ?"

ಅವಳು ಬಕೆಟ್ಟನ್ನು ಅವನ ಕಾಲ ಬಳಿ ಇಟ್ಟು, ತಿರುಗಿ ನೋಡದೆ ನಡೆದುಬಿಟ್ಟಳು.

ಕೂಗಬೇಕೆಂದು ಅವನಿಗೆ ಹೊಳೆಯುವಷ್ಟರಲ್ಲಿ ಅವಳು ಕುಳ್ಳ ಮರಗಳ ಆಚೆ ಮರೆಯಾಗಿದ್ದಳು. ಅವಳ ಹೆಜ್ಜೆಗಳಲ್ಲಿ ನೀರು ತುಂಬಿತು. ನೋಡನೋಡುತ್ತಿದ್ದಂತೆ ಪಾಚಿ ಮೇಲೆದ್ದು ಒಂದೊಂದನ್ನೇ ಮುಚ್ಚಿಕೊಂಡಿತು. ಮನೆ ಯಾವ ದಿಕ್ಕಿಗೆಂದು ಅವನಿಗೆ ತಿಳಿಯಲಿಲ್ಲ. ಮೇಲೆ ಗೂಡಿನಲ್ಲಿ ಮರಿ ಹಸಿದು ಕೂಗುತ್ತಿತ್ತು. ಅವನು ನೀಲಿ ಹಗ್ಗವನ್ನು ಬಿಗಿಯಾಗಿ ಹಿಡಿದು, ಎರಡು ಪಾದಗಳಿಗಷ್ಟೇ ಸಾಲುವ ಗಟ್ಟಿ ನೆಲದ ಮೇಲೆ ನಿಂತೇ ಇದ್ದ.