ಸಿಂಬೆ ಇಲ್ಲದ ತಲೆ

ನಾನು ಒಂದು ಕಬ್ಬಿಣದ ಬುಟ್ಟಿ. ಮನೆ ಕಟ್ಟುವಲ್ಲಿ ಮರಳು, ಕಲಸಿದ ಸಿಮೆಂಟು ತುಂಬಿಕೊಂಡು ತಲೆಯೇರುವ ಜಾತಿ ನಮ್ಮದು. ತಗಡನ್ನು ಅಚ್ಚಿಗೆ ಹಾಕಿ ಬಡಿದಾಗ ಹುಟ್ಟಿದೆ. ಹುಟ್ಟುವಾಗಲೇ ಪೆಟ್ಟು ತಿಂದವಳಾದ್ದರಿಂದ ಪೆಟ್ಟು ಕೊಟ್ಟವರನ್ನು ನಾನು ಮರೆಯುವುದಿಲ್ಲ.

ನನ್ನನ್ನು ಮೊದಲು ಹೊತ್ತವಳು ಹುಲಿಗೆವ್ವ ಎಂಬ ಕೂಲಿಯಾಕೆ. ಹಳೆ ಸೀರೆಯ ತುಂಡು ಸುತ್ತಿ ಸಿಂಬೆ ಮಾಡಿ, ತಲೆಗಿಟ್ಟು, ಅದರ ಮೇಲೆ ನನ್ನನ್ನು ಕೂರಿಸುತ್ತಿದ್ದಳು. ನನ್ನ ತಳ ದುಂಡಗೆ. ಸಿಂಬೆ ಇಲ್ಲದ ತಲೆಯ ಮೇಲೆ ನಾನು ನಿಲ್ಲುವವಳಲ್ಲ. ಹದಿನೆಂಟು ವರ್ಷ ನನ್ನನ್ನು ಹೊತ್ತು ಮಗಳು ನೀಲಾಳನ್ನು ಎಂ.ಎ. ಓದಿಸಿದಳು. ಹುಲಿಗೆವ್ವ ತೀರಿಕೊಂಡ ಮೇಲೆ ನಾನೂ ಸಿಂಬೆಯೂ ಮಗಳ ಪಾಲಿಗೆ ಬಂದೆವು.

ನೀಲಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿಯಾದಳು. ಪ್ರತಿ ವರ್ಷ ವಿಭಾಗದ ಮುಖ್ಯಸ್ಥರು ಸಹಿ ಹಾಕಿದರೆ ಕೆಲಸ, ಇಲ್ಲದಿದ್ದರೆ ಮನೆ. ಅವಳು 'ಶ್ರಮ' ಎಂಬ ಪಾಠ ಶುರು ಮಾಡಿದರೆ ಹಿಂದಿನ ಬೆಂಚು ಆಕಳಿಸುತ್ತಿತ್ತು. ಒಂದು ದಿನ ನನ್ನನ್ನೇ ತರಗತಿಗೆ ತಂದು ಹಸಿ ಮರಳು ತುಂಬಿದಳು. "ಮೊದಲ ಸಿಂಬಿ, ಆಮ್ಯಾಲ ಭಾರ" ಎನ್ನುತ್ತ ಒಬ್ಬೊಬ್ಬರ ತಲೆಗೂ ಸಿಂಬೆಯಿಟ್ಟು ಎರಡನೇ ಮಹಡಿಗೆ ಹೊರಿಸಿದಳು.

ಜೈಬುನ್ ಎಂಬ ವಿದ್ಯಾರ್ಥಿನಿ ಕುತ್ತಿಗೆ ನೀವಿಕೊಳ್ಳುತ್ತ ಕೇಳಿದಳು: "ಮೇಡಂ, ನಿಮ್ಮವ್ವ ದಿನಾ ಎಷ್ಟು ಸಲ ಹೊರತಿದ್ರು?"

"ನೀನ ಲೆಕ್ಕ ಹಾಕು. ಅದ ಇವತ್ತಿನ ಪಾಠ."

ಅಂದು ಗಂಟೆ ಹೊಡೆದರೂ ಯಾರೂ ಮೇಲೇಳಲಿಲ್ಲ.

ಮುಖ್ಯಸ್ಥ ಅಂಕಲಗಿ ಸರ್‌ಗೆ ಇದು ಕಣ್ಣುರಿಯಾಯಿತು. ಇಪ್ಪತ್ತು ವರ್ಷ ಅದದೇ ನೋಟ್ಸ್ ಓದಿದವರು ಅವರು. "ಪಾಠ ಮಾಡ್ರಿ ಅಂದ್ರ ಗೌಂಡಿ ಕೆಲಸ ಕಲಸ್ತೀರೇನು?" ಎಂದರು. ಮರುವರ್ಷ ಸಹಿ ಹಾಕಲಿಲ್ಲ. ನನ್ನನ್ನು ಒಯ್ಯಲು ಬಂದ ನೀಲಾಳಿಗೆ, "ಬುಟ್ಟಿ ವಿಭಾಗದ ಸ್ವತ್ತು. ಬೇಕಾದ್ರ ಆ ಚಿಂದಿ ತಗೊಂಡು ಹೋಗ್ರಿ" ಎಂದರು. ಅವಳು ತಾಯಿಯ ಸಿಂಬೆಯನ್ನು ಎದೆಗವಚಿಕೊಂಡು ಹೋದಳು. ನನ್ನ ಮೈಮೇಲೆ ಬಿಳಿ ಬಣ್ಣದಲ್ಲಿ ವಿಭಾಗದ ಹೆಸರು ಬರೆಸಿದರು. ಬೀರುವಿನ ಹಿಂದೆ ಬಿದ್ದುಕೊಂಡು ನಾನು ಹಲ್ಲು ಮಸೆದೆ.

ನನ್ನ ಕಾಲವೂ ಬಂತು. ವಿಶ್ವವಿದ್ಯಾಲಯವನ್ನು ಪರೀಕ್ಷಿಸಲು ಹೊರಗಿನಿಂದ ಸಮಿತಿಯೊಂದು ಬಂದಾಗ ಅಂಕಲಗಿ ಸರ್ ಕೋಟು ತೊಟ್ಟು ನನ್ನನ್ನು ಹೊರಗೆಳೆದು ಹಸಿ ಮರಳು ತುಂಬಿಸಿದರು. "ಅನುಭವದ ಮೂಲಕ ಬೋಧನೆ. ಇದು ನನ್ನದೇ ಪದ್ಧತಿ" ಎಂದು ಎದೆಯುಬ್ಬಿಸಿ, "ಯಾರು ಹೊರತೀರಿ?" ಎಂದು ವಿದ್ಯಾರ್ಥಿಗಳತ್ತ ತಿರುಗಿದರು. ಒಬ್ಬರೂ ಅಲುಗಲಿಲ್ಲ.

ಜೈಬುನ್ ಬಹಳ ವಿನಯದಿಂದ ಹೇಳಿದಳು: "ಮೊದಲ ನೀವ ಹೊತ್ತು ತೋರಸ್ರಿ ಸರ್."

ಸಮಿತಿಯ ಎದುರು ಅವರಿಗೆ ಬೇರೆ ದಾರಿಯಿರಲಿಲ್ಲ. ಇಬ್ಬರು ವಿದ್ಯಾರ್ಥಿಗಳು ನನ್ನನ್ನೆತ್ತಿ ಅವರ ಬೋಳುತಲೆಯ ಮೇಲಿಟ್ಟರು. ಆಹಾ, ಎಷ್ಟು ದಿನದ ಆಸೆ! ಎರಡು ಮೆಟ್ಟಿಲು ಸುಮ್ಮನಿದ್ದೆ. ಮೂರನೆಯದರಲ್ಲಿ ಬೇಕೆಂದೇ ವಾಲಿದೆ. ಹಸಿ ಮರಳು ಕೋಟಿನ ಕಾಲರಿನೊಳಗೆ ಸುರಿದು ಪ್ಯಾಂಟಿನ ತುದಿಯಲ್ಲಿ ಉದುರಿತು. ನಾನು ಊರಿಗೆಲ್ಲ ಕೇಳುವಂತೆ ಠಣಠಣ ಸದ್ದು ಮಾಡುತ್ತ ಕೆಳಗುರುಳಿದೆ.

ಸಮಿತಿಯ ಹಿರಿಯ ಮಹಿಳೆಯೊಬ್ಬರು ಕೇಳಿದರು: "ಪ್ರೊಫೆಸರೇ, ಸಿಂಬೆ ಎಲ್ಲಿ?"

"ಸಿಂಬಿ ಯಾಕ ಬೇಕ್ರಿ?" ಎಂದರು ಅಂಕಲಗಿ ಸರ್, ತಲೆ ಸವರಿಕೊಳ್ಳುತ್ತ.

"ಅದು ನೀಲಾ ಮೇಡಂ ಹತ್ರ ಐತ್ರಿ" ಎಂದಳು ಜೈಬುನ್. "ಈ ಪಾಠಾನೂ ಅವರದ."

ಮರುವರ್ಷ ನೀಲಾಳಿಗೆ ಮತ್ತೆ ಪಾಠ ಮಾಡಲು ಕರೆ ಬಂತು. ಬಂದವಳೇ ಮೊದಲು ನನ್ನ ಮೈಮೇಲಿನ ಬಿಳಿ ಬಣ್ಣ ಕೆರೆದು ತೆಗೆದಳು.

ಈಗ ನನ್ನ ತಳ ತುಕ್ಕು ಹಿಡಿದು ತೂತಾಗಿದೆ. ಭಾರ ಹೊರುವುದಕ್ಕೆ ಹೊಸ ಬುಟ್ಟಿ ಬಂದಿದೆ. ನಾನು ತರಗತಿಯ ಮೂಲೆಯಲ್ಲಿ ಹುಲಿಗೆವ್ವನ ಸಿಂಬೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೇನೆ. ಮಿಕ್ಕ ವಸ್ತುಗಳು ಮನುಷ್ಯರನ್ನು ಕೆಳಗಿನಿಂದ ನೋಡುತ್ತವೆ. ನಾನು ತಲೆಯ ಮೇಲೆ ಕೂತು ನೋಡಿದವಳು. ಹೊತ್ತ ತಲೆ ಯಾವುದು, ಹೊರಿಸಿದ ತಲೆ ಯಾವುದು ಎಂದು ನನಗೆ ಗೊತ್ತು.

ನಿವೃತ್ತರಾದ ಅಂಕಲಗಿ ಸರ್ ಒಮ್ಮೊಮ್ಮೆ ಬಾಗಿಲಲ್ಲಿ ಇಣುಕುತ್ತಾರೆ. "ಒಳಗ ಬರ್ರಿ ಸರ್" ಎಂದು ನೀಲಾ ಕುರ್ಚಿ ಕೊಡುತ್ತಾಳೆ. ಅವಳ ಮನಸ್ಸು ದೊಡ್ಡದು. ನಾನು ಮಾತ್ರ ಕೂತಲ್ಲಿಂದಲೇ ಅವರ ತಲೆಯನ್ನು ಅಳೆಯುತ್ತಿರುತ್ತೇನೆ.