ಇಬ್ಬರೂ ಭಾವಂದಿರೇ

ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಇಷ್ಟರಲ್ಲಿ ನನ್ನ ಹತ್ತಿರ ಪಾಠಕ್ಕೆ ಬಂದಿರುತ್ತಿದ್ದ. ಕಣ್ಣಿನ ವಿಷಯವಂತೂ ಕೇಳಲೇಬೇಡಿ. ಇಪ್ಪತ್ತು ವರ್ಷ ಕನ್ನಡಕ ಮಾರಿದವನು ನಾನು. ಇರುವೆ ಕಣ್ಣು ಹೊಡೆದರೆ ಎಡಗಣ್ಣೋ ಬಲಗಣ್ಣೋ ಹೇಳಬಲ್ಲೆ. ಹಾಗಾಗಿ ಆ ಬೆಟ್ಟದ ಮೇಲಿನ ಹಳೇ ಪಟ್ಟಣದಲ್ಲಿ ನಮ್ಮ ಗೈಡ್‌ನನ್ನು ನೋಡಿದ ಕೂಡಲೇ ತೀರ್ಮಾನಿಸಿದೆ: ಈತ ಗೂಢಚಾರ.

ಪಟ್ಟಣ ಎಷ್ಟು ಎತ್ತರದಲ್ಲಿತ್ತೆಂದರೆ ಮೋಡಗಳು ನಮ್ಮ ಮೊಣಕಾಲಿಗೆ ಡಿಕ್ಕಿ ಹೊಡೆದು, ಕ್ಷಮೆ ಕೇಳಿ ಮುಂದೆ ಹೋಗುತ್ತಿದ್ದವು. ಜೊತೆಗೆ ನನ್ನ ಮೇಷ್ಟ್ರಿದ್ದರು. ಒಂಬತ್ತು ವರ್ಷಗಳಿಂದ ನಾವಿಬ್ಬರೂ ಒಂದು ಜೀವ, ಎರಡು ಬಾಡಿಗೆ ಮನೆ. ಜೋಡಿಯಾಗಿ ಊರು ಬಿಟ್ಟದ್ದು ಇದೇ ಮೊದಲು. ಹೊರಡುವ ಮುಂಚೆಯೇ ಮೇಷ್ಟ್ರು ಹೇಳಿದ್ದರು:

"ನೋಡು, ಸ್ಕೂಲಲ್ಲಿ ನನಗಿನ್ನೂ ಹನ್ನೆರಡು ವರ್ಷ ಸರ್ವೀಸಿದೆ. ಅಲ್ಲಿ ಒಬ್ಬರಿಗೆ ಅನುಮಾನ ಬಂದ್ರೂ ಸಂಜೆ ಬಸ್ ಹತ್ತಿಬಿಡ್ತೀನಿ. ಆಮೇಲೆ ನಿನ್ನ ಮನೆ ಕಡೆ ತಲೆ ಹಾಕಿಯೂ ಮಲಗಲ್ಲ."

ಗೈಡ್‌ನನ್ನು ಗೊತ್ತುಮಾಡಿದ್ದು ನಮ್ಮ ಒಬ್ಬ ಗೆಳೆಯ. "ನಮ್ಮಂಥ ಜೋಡಿಗಳು ಅಂದ್ರೆ ಅವನಿಗೆ ಪ್ರೀತಿ, ನಂಬು" ಅಂದಿದ್ದ. ನಂಬಿಕೆ ನನ್ನ ಅಂಗಡಿಯಲ್ಲಿ ಸಿಗದ ಮಾಲು.

ಕೋಟೆ ಬಾಗಿಲಲ್ಲಿ ಗೈಡ್ ಮಡಚಿದ ಕೊಡೆಯ ತುದಿಯಿಂದ ಕಬ್ಬಿಣದ ಮೊಳೆಗಳನ್ನು ತೋರಿಸಿದ. ನಾವು ಕತ್ತೆತ್ತಿದ್ದೇ ತಡ, ಕಾವಲಿನ ಹೆಂಗಸಿನ ಕಿವಿಯಲ್ಲಿ ಏನೋ ಉಸುರಿದ. ಜೇಬಿನಿಂದ ಅಂಗೈಯಗಲದ ಪುಸ್ತಕ ತೆಗೆದು ಗೀಚಿಕೊಂಡ. ಆಕೆ ಎದ್ದು ನಮಗೆ ಸೆಲ್ಯೂಟ್ ಹೊಡೆದಳು. ಕಲ್ಲುಹಾಸಿನ ಓಣಿಯಲ್ಲಿ ಹಳೇ ಪುಸ್ತಕಗಳಿಗೆ ರಟ್ಟು ಕಟ್ಟುವವನ ಅಂಗಡಿ ಮುಂದೆಯೂ ಅದೇ ಕಥೆ. ಉಸುರಿದ, ಗೀಚಿದ. ರಟ್ಟಿನವನು ಮೇಷ್ಟ್ರ ಮಂಡಿ ನೋಡಿ "ಪಾಪ" ಎಂದು ಲೊಚಗುಟ್ಟಿದ.

ಸುಮ್ಮನಿರುವ ಆಸಾಮಿಯೇ ನಾನು? ಅವನು ಒಂದು ಸುದ್ದಿ ಬಿತ್ತಿದರೆ ನಾನು ಹತ್ತು ಬಿತ್ತುತ್ತೇನೆ. ಗೈಡ್ ನಾಲ್ಕು ಹೆಜ್ಜೆ ಮುಂದೆ ಹೋದಾಗಲೆಲ್ಲ ಹಿಂದುಳಿದು, ಸಿಕ್ಕಸಿಕ್ಕವರಿಗೆ "ನಾವು ಭಾವಂದಿರು" ಎಂದು ಸಾರಿದೆ. ಒಬ್ಬರನ್ನೊಬ್ಬರು ಭಾವ ಎಂದೇ ಕರೆಯಬೇಕೆಂದು ಬಸ್ಸಿನಲ್ಲೇ ಮಾತಾಗಿತ್ತು.

ಗೈಡ್‌ನ ಕಿವಿ ನನ್ನ ಕಣ್ಣಿನಷ್ಟೇ ಚುರುಕು. "ಅಲ್ಲ ಸಾರ್, ಒಬ್ಬರು ಭಾವ ಆದ್ರೆ ಇನ್ನೊಬ್ಬರು ಭಾವಮೈದ ಆಗ್ಬೇಕಲ್ವಾ? ಇಬ್ಬರೂ ಭಾವ ಹೆಂಗೆ?"

"ಕೊಟ್ಟು ತಂದ ಸಂಬಂಧ. ನಮ್ಮಕ್ಕನ್ನ ಇವನಿಗೆ ಕೊಟ್ಟಿದೀವಿ, ಇವನ ಅಕ್ಕನ್ನ ನಾನು ತಂದಿದೀನಿ."

ಗೈಡ್ ಕೊಡೆಯ ಮೇಲೆ ಗಲ್ಲ ಊರಿ ಯೋಚಿಸಿದ. "ಹಾಗಾದ್ರೆ ನಿಮ್ಮಿಬ್ಬರಲ್ಲಿ ಒಬ್ಬರಿಗಾದ್ರೂ ಹೆಂಡ್ತಿ ವಯಸ್ಸಲ್ಲಿ ದೊಡ್ಡವಳಾಗ್ಲೇಬೇಕು."

ಮೇಷ್ಟ್ರು ಗಣಿತದವರು, ಬಾಯಿ ತಡೆಯಲಿಲ್ಲ. "ಹೌದು, ಲೆಕ್ಕ ಸರಿ" ಎಂದುಬಿಟ್ಟರು. ಆಮೇಲೆ ನನ್ನತ್ತ ಬೀರಿದ ನೋಟದಲ್ಲಿ ಎರಡು ಹಂಡೆ ನೀರು ಕಾಯಿಸಬಹುದಿತ್ತು.

ಗಡಿಯಾರದ ಗೋಪುರ ಮುಟ್ಟುವಷ್ಟರಲ್ಲಿ ಮಾತು ನಮಗಿಂತ ಮೊದಲೇ ಬೆಟ್ಟ ಹತ್ತಿತ್ತು. ಗಡಿಯಾರಕ್ಕೆ ಕೀಲಿ ಕೊಡುವ ಅಜ್ಜ ಮೆಟ್ಟಿಲಿಗೆ ಅಡ್ಡ ನಿಂತಿದ್ದ, ಕೈಯಲ್ಲಿ ಕೀಲಿ ತಿರುಗಿಸುವ ತೋಳುದ್ದದ ಕಬ್ಬಿಣದ ಹಿಡಿ.

"ಎಂಜಿನಿಯರುಗಳು ಅಂತ ಬಾಗಿಲವಳು ಹೇಳ್ತಾಳೆ. ಮಂಡಿ ಆಪರೇಷನ್ ಆದ ಅಣ್ಣ, ಅವನ ತಮ್ಮ ಅಂತಾನೆ ರಟ್ಟಿನವನು. ಇವರೇ ನೋಡಿದ್ರೆ ಭಾವ ಅಂತ ಸಾರ್ಕೊಂಡು ಬರ್ತಿದಾರೆ. ಇಷ್ಟೊಂದು ಸಂಬಂಧ ಕಳ್ಳರಿಗೆ ಮಾತ್ರ ಇರುತ್ತೆ. ಪೊಲೀಸ್ರನ್ನ ಕರೀಲಾ?"

ಗೈಡ್ ನನ್ನನ್ನು ಗೋಡೆ ಬದಿಗೆ ಎಳೆದು ಪುಸ್ತಕ ಬಿಚ್ಚಿ ತೋರಿಸಿದ. ಬಾಗಿಲು: ಎಂಜಿನಿಯರ್. ರಟ್ಟು: ಅಣ್ಣತಮ್ಮ. "ಯಾರಿಗೆ ಏನು ಹೇಳಿದೆ ಅಂತ ಬರ್ಕೊಳ್ತೀನಿ ಸಾರ್. ಎಂಟು ವರ್ಷದಲ್ಲಿ ನನ್ನ ಒಂದು ಜೋಡಿಯೂ ಸಿಕ್ಕಿಬಿದ್ದಿಲ್ಲ. ನೀವ್ಯಾಕೆ ಸಾರ್ ಮಧ್ಯೆ ಬಾಯಿ ಹಾಕಿದ್ರಿ?"

ಭಯಕ್ಕಿಂತ ಹೊಟ್ಟೆಯುರಿಯೇ ಹೆಚ್ಚಾಯಿತು. ಸುಳ್ಳಿಗೂ ಪುಸ್ತಕ ಇಡುವ ಶಿಸ್ತು ನನಗೆ ಹೊಳೆದೇ ಇರಲಿಲ್ಲ. ಸೋಲೊಪ್ಪದೆ ನಾಲ್ಕನೆಯ ಸುಳ್ಳಿಗೆ ಬಾಯಿ ತೆರೆದೆ. ಮೇಷ್ಟ್ರು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು.

"ಸಾಕು. ಅಜ್ಜ, ಇವನ ಅಕ್ಕನ್ನ ನಾನು ಕಟ್ಕೊಂಡಿಲ್ಲ. ಇವನನ್ನೇ ಕಟ್ಕೊಂಡಿದೀನಿ. ಒಂಬತ್ತು ವರ್ಷ ಆಯ್ತು."

ಅಜ್ಜ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದ.

"ಈ ಬಾಯಿಬಡುಕನ್ನಾ?"

"ಹೂಂ."

"ಒಂಬತ್ತು ವರ್ಷಾನಾ?"

"ಹೂಂ."

ಅಜ್ಜ ಹಿಡಿಯನ್ನು ಗೋಡೆಗೆ ಒರಗಿಸಿ ಒಂದು ಹೆಜ್ಜೆ ಸರಿದ. ಮೇಷ್ಟ್ರು ಆಗಲೇ ಮೆಟ್ಟಿಲು ಹತ್ತತೊಡಗಿದ್ದರು. ನಾನು ಹಿಂದಿನಿಂದ ಮೆಲ್ಲಗೆ ಕೇಳಿದೆ, "ಬಸ್ಸು?"

"ಅನುಮಾನ ಬಂದ್ರೆ ಅಂತ ತಾನೆ ನಾನು ಅಂದಿದ್ದು?" ಅವರು ತಿರುಗಲಿಲ್ಲ. "ಬಾಯಿ ಬಿಟ್ಟು ಹೇಳಿದ ಮೇಲೆ ಅನುಮಾನ ಎಲ್ಲಿಂದ ಬರುತ್ತೆ? ಮೆಟ್ಟಿಲು ಹತ್ತು."

"ನನಗಿನ್ನೂ ಅನುಮಾನ ಇದೆ," ಎಂದ ಅಜ್ಜ ಕೆಳಗಿನಿಂದ. "ಒಂಬತ್ತು ವರ್ಷ ಅನ್ನೋದು ಸುಳ್ಳಿರಬೇಕು. ಇಂಥವನ ಜೊತೆ ಒಂಬತ್ತು ದಿನಾನೂ ಆಗಲ್ಲ."